ನಡುಗುವ ಚಿತ್ರಕ್ಕೊಂದು ಊರುಗೋಲು

ನಿಮ್ಮ ಮನೆಯ ಫೋನಿನಲ್ಲೂ ಇಂಥದೊಂದು ವಿಡಿಯೋ ಇದ್ದೇ ಇರುತ್ತದೆ. ಮಗಳ ಸೀಮಂತದ್ದೋ, ಮೊಮ್ಮಗನ ಮೊದಲ ಹೆಜ್ಜೆಯದೋ, ಊರ ತೇರಿನದೋ. ಯಾರೋ ಅವಸರದಲ್ಲಿ ತೆಗೆದಿರುತ್ತಾರೆ. ನೋಡಲು ಕುಳಿತರೆ ಚಿತ್ರವೆಲ್ಲ ಘಟ್ಟದ ರಸ್ತೆಯ ಬಸ್ಸಿನಂತೆ ಕುಲುಕಾಡಿ, ಎರಡು ನಿಮಿಷಕ್ಕೇ ತಲೆ ಸುತ್ತಿ, "ಸಾಕಪ್ಪಾ" ಎಂದು ಫೋನು ಕೆಳಗಿಡುತ್ತೀರಿ. ಅಲ್ಲವೇ? ಹಾಗೆಂದು ಅಳಿಸಿಹಾಕಲೂ ಮನಸ್ಸು ಬರುವುದಿಲ್ಲ. ಅದರಲ್ಲಿರುವ ಗಳಿಗೆ ಮತ್ತೆ ಸಿಗುವಂಥದಲ್ಲವಲ್ಲ!

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ, ಕೇಳಿ.

ನಮ್ಮದು ಶಿರಸಿ ಸೀಮೆ. ಆಲೆಮನೆಯ ದಿನಗಳು ಬಂದವೆಂದರೆ ನಮ್ಮ ಕಡೆ ತೊಡದೇವು ಮಾಡುವ ಸಂಭ್ರಮ. ಗೊತ್ತಿಲ್ಲದವರಿಗಾಗಿ ಎರಡು ಮಾತು: ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಕಬ್ಬಿನ ಹಾಲು ಸೇರಿಸಿ ನೀರಾದ ಹಿಟ್ಟು ಮಾಡಿಕೊಳ್ಳುತ್ತಾರೆ. ಒಲೆಯ ಮೇಲೆ ಮಣ್ಣಿನ ಮಡಕೆಯನ್ನು ಬೋರಲು ಹಾಕಿ ಕಾಯಿಸುತ್ತಾರೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ, ಕಾದ ಮಡಕೆಯ ಮೇಲೆ ಒಂದೇ ಬೀಸಿಗೆ ತೊಡೆಯುತ್ತಾರೆ. ಕಾಗದಕ್ಕಿಂತ ತೆಳುವಾದ ಹಾಳೆ ಏಳುತ್ತದೆ. ಬಿಸಿಯಿರುವಾಗಲೇ ಮಡಿಸಬೇಕು, ನಾಲ್ಕು ಕ್ಷಣ ತಡವಾದರೆ ಪುಡಿಪುಡಿ. ಅಳತೆ ಬರೆದುಕೊಟ್ಟರೆ ಬರುವ ವಿದ್ಯೆ ಇದಲ್ಲ, ಎಲ್ಲವೂ ಕೈಯಲ್ಲಿದೆ.

ಆ ಕೈ ನಮ್ಮ ಅತ್ತೆಯವರದು. ಈಗ ಅವರಿಗೆ 84 ವರ್ಷ. ಎರಡು ಮೂರು ವರ್ಷಗಳಿಂದ ಕೈ ನಡುಗುತ್ತದೆ, ಕೋಲು ಹಿಡಿಯಲಾಗುವುದಿಲ್ಲ. ನಾನು ಮದುವೆಯಾಗಿ ಬಂದು ಮೂವತ್ತು ವರ್ಷವಾದರೂ ಹಿಟ್ಟು ರುಬ್ಬಿಕೊಟ್ಟೆನೇ ಹೊರತು ಒಂದು ದಿನವೂ ಮಡಕೆಯ ಮುಂದೆ ಕೂರಲಿಲ್ಲ. ಅತ್ತೆ ಇದ್ದಾರಲ್ಲ ಎಂಬ ಧೈರ್ಯ! ಹೋದ ಸಲ ಕೂತೆ. ಹಾಳೆಯಲ್ಲ, ರೊಟ್ಟಿ ಎದ್ದಿತು. ಅತ್ತೆ ಬಾಯಲ್ಲಿ ಹೇಳಿದರು, ನನಗೆ ಕೈಗೆ ಬರಲಿಲ್ಲ.

ಆಗ ನೆನಪಾದದ್ದು, 2019ರಲ್ಲಿ ಮೈದುನನ ಮಗ ತೆಗೆದಿದ್ದ ವಿಡಿಯೋ. ಎರಡು ನಿಮಿಷ ನಲವತ್ತು ಸೆಕೆಂಡು. ಅತ್ತೆ ಒಂದಾದಮೇಲೊಂದು ನಾಲ್ಕು ತೊಡದೇವು ಎಬ್ಬಿಸುತ್ತಾರೆ. ಆದರೆ ಹುಡುಗ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ತಿನ್ನುವ ತೊಡದೇವು ಹಿಡಿದಿದ್ದನೆಂದು ಕಾಣುತ್ತದೆ. ಚಿತ್ರ ನಿಂತಲ್ಲಿ ನಿಂತಿಲ್ಲ. ಅತ್ತೆಯ ಕೈ ಎಷ್ಟು ಬೇಗ ಸರಿಯಿತು, ಎಲ್ಲಿ ಒತ್ತಿತು ಎಂದು ನೋಡಹೋದರೆ ಕೈ ಓಡಿತೋ ಫೋನು ಓಡಿತೋ ತಿಳಿಯದು.

ಹುಬ್ಬಳ್ಳಿಯಲ್ಲಿ ಓದುವ ಮಗಳು ದಸರೆಯ ರಜಕ್ಕೆ ಬಂದಾಗ ಇದನ್ನು ತೋಡಿಕೊಂಡೆ. "ಅದಕ್ಕೇನಂತೆ ಅಮ್ಮಾ, ನಿಲ್ಲಿಸಬಹುದು. ನಾನು ಹೇಳಿಕೊಡ್ತೀನಿ, ನೀನೇ ಮಾಡು" ಅಂದಳು. ತನ್ನ ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟಳು. ಅಲ್ಲಿಂದ ಸುಮಾರು ಹದಿನೈದು ದಿನ, ರಾತ್ರಿ ಪಾತ್ರೆ ತೊಳೆದಾದ ಮೇಲೆ ನಾನು ಕಲಿತದ್ದನ್ನೇ ಇಲ್ಲಿ ನಿಮಗೆ ಹೇಳುತ್ತಿರುವುದು. "ಕಂಪ್ಯೂಟರು ನಮಗೆಲ್ಲಿಂದ?" ಎಂದು ಪುಟ ತಿರುವಬೇಡಿ. ಮಿಕ್ಸಿ ಬಂದಾಗಲೂ ನಾವು ಹೀಗೇ ಅಂದಿದ್ದೆವು!

ಮಿಕ್ಸಿಯಲ್ಲದ ಬ್ಲೆಂಡರ್

ನಾನು ಬಳಸಿದ ತಂತ್ರಾಂಶದ ಹೆಸರು ಬ್ಲೆಂಡರ್. ಹೆಸರು ಕೇಳಿ ಚಟ್ನಿ ರುಬ್ಬುವುದು ನೆನಪಾಯಿತೇ? ಇದು ಬೇರೆ. ನೆದರ್ಲೆಂಡ್ಸ್‌ನ ಟಾನ್ ರೂಸೆಂಡಾಲ್ ಎಂಬವರು ಹುಟ್ಟುಹಾಕಿದ್ದು. 2002ರಲ್ಲಿ ಇದನ್ನು ಬಳಸುವವರೇ ಸುಮಾರು ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಚಂದಾ ಎತ್ತಿ ಎಲ್ಲರಿಗೂ ಮುಕ್ತವಾಗಿಸಿದರು. ಅಂದಿನಿಂದ ಕಾಸಿಲ್ಲದೆ ಸಿಗುತ್ತದೆ. 2025ರಲ್ಲಿ ಆಸ್ಕರ್ ಪಡೆದ 'ಫ್ಲೋ' ಎಂಬ, ಬೆಕ್ಕೊಂದರ ಕಥೆಯ ಚಿತ್ರ ಇದರಲ್ಲೇ ತಯಾರಾದದ್ದು. ಸ್ಟುಡಿಯೋದವರು ಬಳಸುವ ಸಾಮಾನು ನಮ್ಮ ಊಟದ ಮೇಜಿನ ಮೇಲೂ ನಡೆಯುತ್ತದೆ ಎಂದಾಯಿತು.

ಇದರೊಳಗೆ ಕಾಂಪೋಸಿಟಿಂಗ್ ಎಂಬ ವಿಭಾಗವೊಂದಿದೆ. ಬೇರೆ ಬೇರೆ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಒಂದೇ ಚಿತ್ರ ಮಾಡುವ ಕೆಲಸ ಅದು. ಸಿನಿಮಾದಲ್ಲಿ ದೇವರು ಆಕಾಶದಲ್ಲಿ ಪ್ರತ್ಯಕ್ಷವಾಗುತ್ತಾನಲ್ಲ, ಅಂಥದ್ದು. ಹೀಗೆ ಹೊಂದಿಸಬೇಕಾದರೆ ಮೊದಲು ಚಿತ್ರ ಅಲುಗದೆ ನಿಲ್ಲಬೇಕು. ಆದ್ದರಿಂದಲೇ ನಡುಕ ತೆಗೆಯುವ ಉಪಾಯವೂ ಅದರ ಜೊತೆಗೇ ಇದೆ. ಬ್ಲೆಂಡರ್‌ಗೆ ಚಿತ್ರದ ಚಲನೆಯನ್ನು ಬೆನ್ನಟ್ಟುವ ಈ ವಿದ್ಯೆ ಬಂದದ್ದು 2011ರ ಡಿಸೆಂಬರ್‌ನಲ್ಲಿ.

ಹಿಂದೆಲ್ಲ ಸಿನಿಮಾದವರು ನಡುಕವನ್ನು ಸಾಮಾನ್ಯವಾಗಿ ಚಿತ್ರ ತೆಗೆಯುವಾಗಲೇ ತಡೆಯಲು ನೋಡುತ್ತಿದ್ದರು. ಅಮೆರಿಕದ ಗ್ಯಾರೆಟ್ ಬ್ರೌನ್ 1970ರ ದಶಕದ ನಡುವಿನಲ್ಲಿ ಸ್ಟೆಡಿಕ್ಯಾಮ್ ಎಂಬ ಸಾಧನ ಮಾಡಿದರು. ಛಾಯಾಗ್ರಾಹಕ ಅಂಗಿಯಂತೆ ತೊಟ್ಟುಕೊಳ್ಳುವ ಪಟ್ಟಿ, ಅದಕ್ಕೊಂದು ಸ್ಪ್ರಿಂಗಿನ ತೋಳು, ಅದರ ತುದಿಗೆ ಕ್ಯಾಮರಾ. 1976ರ 'ರಾಕಿ' ಚಿತ್ರದ ನಾಯಕ ಮೆಟ್ಟಿಲು ಹತ್ತಿ ಓಡುವ ದೃಶ್ಯವನ್ನು ಅದರಲ್ಲೇ ತೆಗೆದರು. ನಮ್ಮ ಹುಡುಗನ ಬಳಿ ಅದೆಲ್ಲಿತ್ತು? ಆಗಿಹೋದ ನಡುಕಕ್ಕೆ ಈಗ ಮದ್ದು ಹುಡುಕಬೇಕು.

ಕಸೂತಿಯ ಪಿನ್ನು

ಒಳಗಿನ ಗುಟ್ಟು ಬಹಳ ಸುಲಭ. ಕಸೂತಿ ಹಾಕುವವರಿಗೆ ಥಟ್ಟನೆ ಅರ್ಥವಾಗುತ್ತದೆ.

ವಿಡಿಯೋ ಎಂದರೆ ಸಾವಿರಾರು ಬಿಡಿ ಚಿತ್ರಗಳ ಕಟ್ಟು. ನಮ್ಮದರಲ್ಲಿ ಸೆಕೆಂಡಿಗೆ 30ರಂತೆ 4,800 ಚಿತ್ರ. ಪ್ರತಿಯೊಂದನ್ನೂ ಒಂದು ಟ್ರೇಸಿಂಗ್ ಕಾಗದ ಎಂದುಕೊಳ್ಳಿ. ಫೋನು ಅಲುಗಿದ್ದರಿಂದ ಒಂದರಲ್ಲಿ ಒಲೆ ಎಡಕ್ಕಿದೆ, ಮುಂದಿನದರಲ್ಲಿ ಬಲಕ್ಕಿದೆ. ಒಲೆ ನಿಜವಾಗಿ ಜರುಗಿಲ್ಲ. ಹಾಗಾದರೆ ಕಾಗದಗಳನ್ನೇ ಜರುಗಿಸಿ, ಎಲ್ಲದರಲ್ಲೂ ಒಲೆ ಒಂದರ ಮೇಲೊಂದು ಬರುವಂತೆ ಜೋಡಿಸಿದರಾಯಿತು. ಒಂದು ಕಡೆ ಪಿನ್ನು ಚುಚ್ಚಿದರೆ ಕಾಗದ ಅತ್ತಿತ್ತ ಜಾರುವುದು ನಿಲ್ಲುತ್ತದೆ, ಆದರೆ ಆ ಪಿನ್ನಿನ ಸುತ್ತ ತಿರುಗುತ್ತದೆ. ತಿರುಗುವುದೂ ನಿಲ್ಲಬೇಕಾದರೆ ಎರಡನೇ ಪಿನ್ನು ಬೇಕು. ಕಂಪ್ಯೂಟರಿನಲ್ಲೂ ಅಷ್ಟೇ. ಒಂದು ಗುರುತಿನಿಂದ ಜಾಗ ನಿಲ್ಲುತ್ತದೆ. ಎರಡರಿಂದ ಓರೆಯಾಗುವುದು, ಹತ್ತಿರ ದೂರವಾಗುವುದು ಇವೂ ಹತೋಟಿಗೆ ಬರುತ್ತವೆ.

ಪಿನ್ನು ಎಲ್ಲಿ ಚುಚ್ಚಬೇಕೆಂದು ನಾವು ತೋರಿಸುತ್ತೇವೆ. ಮೊದಲ ಚಿತ್ರದಲ್ಲಿ ಆ ಚುಕ್ಕೆಯ ಸುತ್ತ ಸಣ್ಣ ಚೌಕ ಬೀಳುತ್ತದೆ. ಮುಂದಿನ ಚಿತ್ರದಲ್ಲಿ ಅದೇ ತುಂಡು ಎಲ್ಲಿದೆಯೆಂದು ಯಂತ್ರ ಆಸುಪಾಸಿನಲ್ಲಿ ಹುಡುಕುತ್ತದೆ. ಹೀಗೆ 4,800 ಸಲ. ಇಂಥ ಹುಡುಕಾಟಕ್ಕೆ ತಳಹದಿಯಾದ ಲೆಕ್ಕಗಳಲ್ಲೊಂದನ್ನು 1981ರಲ್ಲಿ ಅಮೆರಿಕದಲ್ಲಿದ್ದ ಬ್ರೂಸ್ ಲ್ಯೂಕಸ್ ಮತ್ತು ಟಕೆಯೋ ಕನಾಡೆ ಬರೆದರು. ಹೆಸರು ಕೇಳಿ ಕನಾಡೆಯವರು ನಮ್ಮ ಕಡೆಯವರೆಂದುಕೊಳ್ಳಬೇಡಿ, ಅವರು ಜಪಾನಿನವರು!

ನಾನು ಮಾಡಿದ ಮೂರು ತಪ್ಪು

ವಿಡಿಯೋ ತೆರೆದುಕೊಳ್ಳುವ ಕಿಟಕಿಗೆ ಮೂವಿ ಕ್ಲಿಪ್ ಎಡಿಟರ್ ಎಂದು ಹೆಸರು. ಅಲ್ಲಿ ಕಂಟ್ರೋಲ್ ಕೀಲಿ ಒತ್ತಿಕೊಂಡು ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಗುರುತು ಬೀಳುತ್ತದೆ. ಕಂಟ್ರೋಲ್ ಜೊತೆ ಟಿ ಒತ್ತಿದರೆ ಗುರುತು ಚಿತ್ರದ ಬೆನ್ನುಹತ್ತಿ ಓಡುತ್ತದೆ. ಕೈಕೆಲಸ ಇಷ್ಟೇ. ಆದರೆ ಗುರುತು ಎಲ್ಲಿ ಇಡಬೇಕು ಎನ್ನುವುದರಲ್ಲಿ ಎಲ್ಲವೂ ಇದೆ.

ಮೊದಲ ರಾತ್ರಿ, ಒಲೆಯ ಹಿಂದಿನ ಹಲಗೆಯ ಉದ್ದನೆಯ ಅಂಚಿನ ಮೇಲೆ ಇಟ್ಟೆ. ಸ್ಪಷ್ಟವಾಗಿ ಕಾಣುತ್ತದೆ, ಅಲುಗುವುದೂ ಇಲ್ಲ, ಇನ್ನೇನು ಬೇಕು ಎಂದುಕೊಂಡೆ. ಗುರುತು ಅಂಚಿನ ಗುಂಟ ಜಾರಿಕೊಂಡು ಹೋಗಿಬಿಟ್ಟಿತು. ಮಗಳು ನಕ್ಕಳು. "ಗೆರೆ ಎಲ್ಲಿ ನೋಡಿದರೂ ಒಂದೇ ಥರ ಇರ್ತದೆ ಅಮ್ಮಾ, ಅದಕ್ಕೆ ಹೇಗೆ ಗೊತ್ತಾಗಬೇಕು? ಮೂಲೆ ಹುಡುಕು, ಇಲ್ಲಾ ಚುಕ್ಕೆ ಹುಡುಕು." ಸರಿಯಾದ ಮಾತು. ಸೀರೆಯ ಅಂಚಿನಲ್ಲಿ ಕೈ ಜಾರಿದರೆ ಎಲ್ಲಿದ್ದೇವೆಂದು ತಿಳಿಯದು. ಬುಟ್ಟಾ ಇದ್ದರೆ ತಿಳಿಯುತ್ತದೆ.

ಎರಡನೇ ಸಲ, ಹಿಂದಿನ ಗೋಡೆಯ ಕ್ಯಾಲೆಂಡರಿನ ಮೂಲೆ ಹಿಡಿದೆ. ಗುರುತು ಗಟ್ಟಿಯಾಗಿ ಕೂತಿತು. ಚಿತ್ರ ತಯಾರಿಸಿ ನೋಡಿದರೆ ಕ್ಯಾಲೆಂಡರು ಕಲ್ಲಿನಂತೆ ನಿಂತಿದೆ, ಮಡಕೆ ಮಾತ್ರ ತೊಟ್ಟಿಲಿನಂತೆ ತೂಗುತ್ತಿದೆ! ಹುಡುಗ ಕೈ ಅಲುಗಿಸಿದ್ದಷ್ಟೇ ಅಲ್ಲ, ಜಾಗವನ್ನೂ ಬದಲಿಸಿದ್ದ. ಬಸ್ಸಿನಲ್ಲಿ ಹೋಗುವಾಗ ಹತ್ತಿರದ ಮರ ಭರ್ರನೆ ಓಡಿ, ದೂರದ ಗುಡ್ಡ ನಿಧಾನ ಸರಿಯುತ್ತದೆಯಲ್ಲ, ಅದೇ ಸಂಗತಿ. ನಿಮಗೆ ಯಾವುದು ನಿಲ್ಲಬೇಕೋ ಅಷ್ಟೇ ದೂರದಲ್ಲಿರುವ ವಸ್ತುವಿನ ಮೇಲೆ ಗುರುತು ಇಡಬೇಕು.

ಆಗ ಕಣ್ಣಿಗೆ ಬಿದ್ದದ್ದು ಒಲೆಯ ಮೇಲಿನ ಕುಂಕುಮದ ಬೊಟ್ಟು. ಅತ್ತೆ ಪ್ರತಿ ದಿನ ಒಲೆ ಸಾರಿಸಿ, ರಂಗೋಲಿ ಎಳೆದು, ಬೊಟ್ಟಿಡುತ್ತಿದ್ದರು. ಮಡಕೆಗೆ ಒಂದು ಗೇಣಿನ ಆಚೆಗೆ ಕಪ್ಪು ನೆಲದ ಮೇಲೆ ಕೆಂಪು ಚುಕ್ಕೆ! ಇದಕ್ಕಿಂತ ಒಳ್ಳೆಯ ಗುರುತು ಬೇಕೇ? ಎರಡನೆಯದಕ್ಕೆ ಒಲೆಯ ಇನ್ನೊಂದು ಬದಿಯ ಇಟ್ಟಿಗೆಯ ಮೂಲೆ ಸಿಕ್ಕಿತು. ನಡುನಡುವೆ ಆವಿ ಅಡ್ಡ ಬಂದಾಗ, ಅತ್ತೆಯ ಸೆರಗು ಮುಚ್ಚಿದಾಗ ಗುರುತು ಕಳೆದುಹೋಗುತ್ತಿತ್ತು. ಅಲ್ಲಿ ನಿಲ್ಲಿಸಿ, ಬೊಟ್ಟು ಮತ್ತೆ ಕಂಡಲ್ಲಿ ಕೈಯಾರೆ ಕೂರಿಸಿ ಮುಂದೆ ಓಡಿಸಬೇಕು. ಬೇಸರದ ಕೆಲಸವೇ, ಆದರೆ ಅಕ್ಕಿ ಆರಿಸುವವರಿಗೆ ಅದೇನು ಮಹಾ?

ಮೂರನೆಯ ತಪ್ಪನ್ನು ಆಮೇಲೆ ಹೇಳುತ್ತೇನೆ.

ಗುರುತುಗಳು ಕೂತ ಮೇಲೆ ಪಕ್ಕದ ಪಟ್ಟಿಯಲ್ಲಿ ಸ್ಟೆಬಿಲೈಸೇಷನ್ ಎಂಬಲ್ಲಿ ಅವನ್ನು ಸೇರಿಸಬೇಕು. ಒಂದು ಜಾಗಕ್ಕೆ, ಎರಡೂ ತಿರುಗುವಿಕೆಗೆ. ಅನಂತರ ಕಾಂಪೋಸಿಟಿಂಗ್ ಪುಟಕ್ಕೆ ಹೋದರೆ ಅಲ್ಲಿ ಕೆಲಸವೆಲ್ಲ ಪೆಟ್ಟಿಗೆಗಳ ಮೂಲಕ. ಮೂವಿ ಕ್ಲಿಪ್ ಎಂಬ ಪೆಟ್ಟಿಗೆಯಿಂದ ಒಂದು ದಾರ ಎಳೆದು ಸ್ಟೆಬಿಲೈಸ್ 2ಡಿ ಎಂಬ ಪೆಟ್ಟಿಗೆಗೆ, ಅಲ್ಲಿಂದ ಇನ್ನೊಂದು ದಾರ ಎಳೆದು ಹೊರಗೆ ಹೋಗುವ ಕೊನೆಯ ಪೆಟ್ಟಿಗೆಗೆ. ಬಾವಿಯಿಂದ ಹಂಡೆಗೆ, ಹಂಡೆಯಿಂದ ಬಚ್ಚಲಿಗೆ ನೀರು ಹರಿಸಿದ ಹಾಗೆ.

ಅಂಚು ಬೇಕೋ, ಅಂದ ಬೇಕೋ

ಈಗ ಮುಖ್ಯವಾದ ಮಾತು. ಕಾಗದಗಳನ್ನು ಜರುಗಿಸಿ ಜೋಡಿಸಿದಿರಿ. ಒಳಗಿನ ಚಿತ್ರ ನಿಂತಿತು, ಆದರೆ ಕಾಗದದ ಅಂಚುಗಳು ಒಂದಕ್ಕೊಂದು ಹೊಂದುವುದಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ ಕಪ್ಪು ಪಟ್ಟಿ ಇಣುಕುತ್ತದೆ. ಇದನ್ನು ಮರೆಮಾಡಲು ಆಟೋಸ್ಕೇಲ್ ಎಂಬ ಗುಂಡಿಯಿದೆ. ಒತ್ತಿದರೆ ಚಿತ್ರ ತುಸು ದೊಡ್ಡದಾಗಿ, ಕಪ್ಪೆಲ್ಲ ಪರದೆಯ ಆಚೆ ಹೋಗಿ, ನೋಡಲು ಅಚ್ಚುಕಟ್ಟು.

ನಾನು ಒತ್ತಿದೆ. ಅಬ್ಬಾ, ಎಂಥ ಚೆಂದ! ಅತ್ತೆಯ ಕೈ ಮಡಕೆಯ ಮೇಲೆ ಹೇಗೆ ಹರಿಯಿತು, ಮಣಿಕಟ್ಟು ಎಲ್ಲಿ ತಿರುಗಿತು, ಎಲ್ಲ ಕಂಡಿತು. ಖುಷಿಯಿಂದ ಮರುದಿನವೇ ಮಡಕೆ ಕಾಯಿಸಿದೆ. ಮತ್ತೆ ರೊಟ್ಟಿ!

ಮೂರನೇ ತಪ್ಪು ಇದೇ. ಚಿತ್ರ ದೊಡ್ಡದಾದಾಗ ಎಡ ಅಂಚು ಕತ್ತರಿಸಿಹೋಗಿತ್ತು. ಆ ಅಂಚಿನಲ್ಲೇ ಹಿಟ್ಟಿನ ಪಾತ್ರೆ ಇತ್ತು. ಅತ್ತೆ ಬಟ್ಟೆಯನ್ನು ಅದ್ದಿ, ಪಾತ್ರೆಯ ಕಂಠಕ್ಕೆ ಒರಸಿ, ಎಷ್ಟು ಹಿಟ್ಟು ಬಟ್ಟೆಯಲ್ಲಿ ಉಳಿಸಿಕೊಳ್ಳುತ್ತಾರೆ ಎಂಬುದೇ ಅಲ್ಲಿ. ತೆಳುವಾಗುವುದೋ ದಪ್ಪವಾಗುವುದೋ ನಿರ್ಧಾರವಾಗುವುದು ಮಡಕೆಯ ಮೇಲಲ್ಲ, ಪಾತ್ರೆಯಲ್ಲಿ! ಚಂದಕ್ಕಾಗಿ ನಾನು ಅದನ್ನೇ ಕತ್ತರಿಸಿ ಎಸೆದಿದ್ದೆ.

ಆಟೋಸ್ಕೇಲ್ ತೆಗೆದೆ. ಕಪ್ಪು ಪಟ್ಟಿ ಮತ್ತೆ ಕುಣಿಯತೊಡಗಿತು. "ಛೀ, ಚೆನ್ನಾಗಿ ಕಾಣಲ್ಲಮ್ಮಾ" ಎಂದಳು ಮಗಳು. ಕುಣಿದರೆ ಕುಣಿಯಲಿ, ಮದುವೆ ಮಂಟಪದಲ್ಲಿ ತೋರಿಸಲಿಕ್ಕಿದೆಯೇ? ಒಲೆ ನಿಂತಿದೆ, ಪಾತ್ರೆ ಕಾಣುತ್ತದೆ, ನನಗೆ ಅಷ್ಟೇ ಬೇಕಾದದ್ದು. ಕೊನೆಗೆ ರಾಜಿಯಾಗಿ ಎರಡು ಪ್ರತಿ ಮಾಡಿದೆವು. ಕಲಿಯಲಿಕ್ಕೆ ಅಂಚು ಸಮೇತ ಒಂದು, ನೆಂಟರಿಗೆ ತೋರಿಸಲಿಕ್ಕೆ ಅಚ್ಚುಕಟ್ಟಾದ ಇನ್ನೊಂದು. ನಡುವಿನ ದಾರಿಯೂ ಇದೆ. ಇನ್‌ಫ್ಲುಯೆನ್ಸ್ ಎಂಬಲ್ಲಿ 1ರ ಬದಲು 0.6 ಅಥವಾ 0.7 ಎಂದಿಟ್ಟರೆ ಚಿತ್ರ ಕಲ್ಲಾಗದೆ ತುಸು ತೂಗುತ್ತದೆ, ಅಂಚು ಅಷ್ಟಾಗಿ ಹೋಗುವುದಿಲ್ಲ.

ಆದ್ದರಿಂದ ಅಕ್ಕಂದಿರೇ, ಆ ಗುಂಡಿ ಒತ್ತುವ ಮುಂಚೆ ನಿಮ್ಮ ವಿಡಿಯೋದ ನಾಲ್ಕು ಅಂಚನ್ನೂ ಒಮ್ಮೆ ನಿಧಾನವಾಗಿ ನೋಡಿ. ನಡುವೆ ವಧೂವರರಿದ್ದರೆ ಅಂಚಿನಲ್ಲಿ ಯಾರಿದ್ದಾರೆ? ಇಂದು ಇಲ್ಲದ ಮಾವನವರು ಅಲ್ಲಿ ಕಂಬಕ್ಕೊರಗಿ ಕೂತಿರಬಹುದು.

ಮೂಕ ಚಿತ್ರ

ಇನ್ನೊಂದು ಪೇಚು. ಮೊದಲ ಸಲ ತಯಾರಾದ ವಿಡಿಯೋದಲ್ಲಿ ಶಬ್ದವೇ ಇರಲಿಲ್ಲ. ಕಾಂಪೋಸಿಟಿಂಗ್‌ನ ಪೆಟ್ಟಿಗೆಗಳಲ್ಲಿ ಹರಿಯುವುದು ಚಿತ್ರ ಮಾತ್ರ, ಧ್ವನಿಯಲ್ಲ. ತೊಡದೇವಿಗೆ ಧ್ವನಿ ಬೇಕೇ ಬೇಕು. ಒದ್ದೆ ಬಟ್ಟೆ ತಾಗಿದಾಗ ಮಡಕೆ 'ಚುರ್ರ್' ಎನ್ನುವುದರ ಮೇಲೆಯೇ ಅತ್ತೆ ಬೆಂಕಿ ಹಿಂದೆ ಮುಂದೆ ಮಾಡುತ್ತಿದ್ದರು. ಹಳೆಯ ವಿಡಿಯೋದ ಧ್ವನಿಯನ್ನಷ್ಟೇ ವಿಡಿಯೋ ಸೀಕ್ವೆನ್ಸರ್ ಎಂಬ ಕಿಟಕಿಯಲ್ಲಿ ಸೇರಿಸಬೇಕು. ಜೊತೆಗೆ ಕೊನೆಗೆ ಬರೆದಿಡುವ ಪಟ್ಟಿಯಲ್ಲಿ ಆಡಿಯೋ ಎಂಬಲ್ಲಿ 'ನೋ ಆಡಿಯೋ' ಎಂದಿರುವುದನ್ನು ಬದಲಿಸಿ ಎಎಸಿ ಎಂದು ಆರಿಸಬೇಕು. ಇದು ಮರೆತರೆ ಇಡೀ ರಾತ್ರಿಯ ದುಡಿಮೆ ಮೂಕ.

ಆಗದ ಕೆಲಸಗಳೂ ಇವೆ

ಇದು ಮಂತ್ರವಲ್ಲ. ಫೋನು ಫಕ್ಕನೆ ತಿರುಗಿದಾಗ ಮಸುಕಾದ ಚಿತ್ರ, ನಿಂತ ಮೇಲೂ ಮಸುಕಾಗಿಯೇ ಇರುತ್ತದೆ. ಕದಡಿದ ನೀರನ್ನು ತಂಬಿಗೆಯಲ್ಲಿಟ್ಟ ಹಾಗೆ, ಅಲುಗುವುದಿಲ್ಲ, ತಿಳಿಯೂ ಆಗುವುದಿಲ್ಲ. ಫೋನಿನ ಕ್ಯಾಮರಾ ಚಿತ್ರವನ್ನು ಸಾಮಾನ್ಯವಾಗಿ ಸಾಲುಸಾಲಾಗಿ ಓದುವುದರಿಂದ ಜೋರಾಗಿ ಅಲುಗಿದರೆ ನೆಟ್ಟಗಿನ ಕಂಬವೂ ಬಾಗಿ ಬಳುಕುತ್ತದೆ. ಆ ಬಳುಕು ಪಿನ್ನಿನಿಂದ ಹೋಗುವಂಥದಲ್ಲ.

ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರಿಗೆ ಕೆಲವು ಫೋನುಗಳಲ್ಲೇ ಸ್ಟೆಬಿಲೈಸ್ ಗುಂಡಿ ಇರುತ್ತದೆ. ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯಲ್ಲೂ ತಾನೇ ನಿಲ್ಲಿಸುವ ಸೌಕರ್ಯವಿದೆ. ಮಗುವಿನ ಆಟ, ತೇರಿನ ಮೆರವಣಿಗೆ ಇಂಥವಕ್ಕೆ ಅಷ್ಟು ಸಾಕು. ಆದರೆ ಆ ಗುಂಡಿಗೆ ನಿಮ್ಮ ಮನೆಯ ವಿಷಯ ತಿಳಿಯದು. ಯಾವುದು ನಿಲ್ಲಬೇಕು, ಯಾವುದು ಹೋದರೂ ಪರವಾಗಿಲ್ಲ ಎಂದು ನೀವೇ ಹೇಳಬೇಕಾದ ಕಡೆ ಪಿನ್ನು ನಿಮ್ಮ ಕೈಯಲ್ಲೇ ಇರಲಿ.

ಅತ್ತೆಗೆ ತೋರಿಸಿದೆ

ತಯಾರಾದದ್ದನ್ನು ಟೀವಿಗೆ ಹಾಕಿ ಅತ್ತೆಯವರನ್ನು ಕೂರಿಸಿದೆ. ತಮ್ಮ ಕೈಯನ್ನು ತಾವೇ ಬಹಳ ಹೊತ್ತು ನೋಡಿದರು. ಕಣ್ಣು ತುಂಬಿಕೊಳ್ಳುತ್ತಾರೇನೋ ಎಂದು ನನಗೆ ಅಳುಕು. ಮುಗಿದ ಮೇಲೆ ಹೇಳಿದ್ದಿಷ್ಟು: "ತಂಗೀ, ಆ ಮೂರನೇದು ದಪ್ಪ ಆತು. ಬಟ್ಟೆ ಸಮಾ ಹಿಂಡಿದ್ನಿಲ್ಲೆ."

ಮತ್ತೆ ಹಾಕಿ ನೋಡಿದೆ. ನಿಜ! ಮೂರನೇ ಸಲ ಬಟ್ಟೆಯನ್ನು ಕಂಠಕ್ಕೆ ಒಂದೇ ಬದಿ ಒರಸಿದ್ದಾರೆ; ಉಳಿದ ಮೂರು ಸಲವೂ ಎರಡು ಬದಿ. ಅದೇ ನನಗೆ ಇಷ್ಟು ದಿನ ತಿಳಿಯದಿದ್ದ ಗುಟ್ಟು. ಮಾರನೇ ದಿನ ಅತ್ತೆಯವರನ್ನು ಪಕ್ಕದಲ್ಲಿ ಮಣೆಯ ಮೇಲೆ ಕೂರಿಸಿಕೊಂಡು ಮಡಕೆ ಹಾಕಿದೆ. ಒಟ್ಟು ಹನ್ನೊಂದರಲ್ಲಿ ನಾಲ್ಕು ಹಾಳೆಯಾಗಿ ಎದ್ದವು. ಉಳಿದವನ್ನು ಯಜಮಾನರು ಬಾಯಿ ಮುಚ್ಚಿಕೊಂಡು ತಿಂದರು.

ನಿಮ್ಮ ಮನೆಯಲ್ಲೂ ಯಾರದೋ ಕೈ, ಯಾರದೋ ಹಾಡು ಹೀಗೆ ನಡುಗುತ್ತ ಫೋನಿನ ಮೂಲೆಯಲ್ಲಿ ಬಿದ್ದಿದ್ದರೆ ಈ ವಾರವೇ ಹೊರತೆಗೆಯಿರಿ. ಅದರಲ್ಲಿ ಇರುವವರು ಪಕ್ಕದಲ್ಲಿ ಕೂತು ತಪ್ಪು ಹೇಳುವಂತಿರುವಾಗಲೇ ಆ ಕೆಲಸ ಆಗಲಿ.

ನೆನಪಿಡಿ

* ಮೂಲ ವಿಡಿಯೋವನ್ನು ಎಂದೂ ಅಳಿಸಬೇಡಿ. ಎರಡು ಕಡೆ ಕಾಪಿ ಇಡಿ. ತಿದ್ದುವುದೆಲ್ಲ ಪ್ರತಿಯ ಮೇಲೆ.

* ವಾಟ್ಸಾಪಿನಲ್ಲಿ ವಿಡಿಯೋ ಎಂದು ಕಳಿಸಿದರೆ ಚಿತ್ರ ಸೊರಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ, ಇಲ್ಲವೇ ಕೇಬಲ್ ಹಾಕಿ ಇಳಿಸಿಕೊಳ್ಳಿ.

* ಗುರುತಿಗೆ ಗೆರೆ ಬೇಡ, ಚುಕ್ಕೆ ಅಥವಾ ಮೂಲೆ ಇರಲಿ. ಕೈ, ಸೆರಗು, ಆವಿ, ದೀಪ ಇವನ್ನು ನಂಬಬೇಡಿ.

* ಮುಂದಿನ ಸಲ ತೆಗೆಯುವಾಗ ಫೋನನ್ನು ಅಡ್ಡ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿ, ಗೋಡೆಗೆ ಒರಗಿ ನಿಲ್ಲಿ. ಅಕ್ಕಿ ಡಬ್ಬದ ಮೇಲೆ ಆನಿಸಿಟ್ಟರೆ ಇನ್ನೂ ಒಳ್ಳೆಯದು.

* ಬೇಕಾದ್ದಕ್ಕಿಂತ ತುಸು ಅಗಲವಾಗಿ ತೆಗೆಯಿರಿ. ಆಮೇಲೆ ಅಂಚು ಹೋದರೂ ನಷ್ಟವಿಲ್ಲ.

* ತಿನ್ನುವ ಕೈಗೆ ಫೋನು ಕೊಡಬೇಡಿ!